ನಾನೂರ ಹನ್ನೆರಡು ಮನೆಗಳ ಯಜಮಾನ

ಉನ್ನತ ಶಿಕ್ಷಣ ಸಹಾಯಧನ ಕಚೇರಿಯ ಹನ್ನೊಂದನೆಯ ಸುತ್ತೋಲೆಯ ಪ್ರಕಾರ, ಬಡವರು ಎಂದರೆ ಸದರಿ ಕಚೇರಿಯು ಬಡವರೆಂದು ಒಪ್ಪಿಕೊಂಡವರು. ಉಳಿದವರೆಲ್ಲರೂ, ಅವರ ಸ್ವಂತ ಅಭಿಪ್ರಾಯ ಏನೇ ಇರಲಿ, ಸ್ಥಿತಿವಂತರು. ಈ ಸುತ್ತೋಲೆ ಹೊರಟ ಮೇಲೆ ಊರಿನಲ್ಲಿ ಬಡತನ ಎಷ್ಟು ವೇಗವಾಗಿ ಇಳಿಯಿತೆಂದರೆ, ಕಚೇರಿಯವರೇ ಗಾಬರಿಯಾಗಿ ಲೆಕ್ಕವನ್ನು ಇನ್ನೊಮ್ಮೆ ನೋಡಿದರಂತೆ. ಲೆಕ್ಕ ಸರಿಯಾಗಿಯೇ ಇತ್ತು.

ಬೀಗದಣ್ಣನಿಗೆ ಈ ಸುತ್ತೋಲೆಯ ವಿಷಯ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಆರಡಿ ಉದ್ದ ನಾಲ್ಕಡಿ ಅಗಲದ ತಗಡಿನ ಅಂಗಡಿಯೊಳಗೆ ಕೂತು ಅವನು ಇಪ್ಪತ್ತೆರಡು ವರ್ಷದಿಂದ ಬೀಗ ರಿಪೇರಿ ಮಾಡುತ್ತಿದ್ದ, ಕೀ ಕಳೆದುಕೊಂಡವರಿಗೆ ಹೊಸ ಕೀ ಮಾಡಿಕೊಡುತ್ತಿದ್ದ. ಹೆಂಡತಿಗೆ ದೊಡ್ಡಾಸ್ಪತ್ರೆಯಲ್ಲಿ ಒಗೆದ ಚಾದರಗಳನ್ನು ಮಡಿಸಿಡುವ ಕೆಲಸ. ಇಬ್ಬರ ಸಂಪಾದನೆ ಸೇರಿದರೆ ತಿಂಗಳ ಇಪ್ಪತ್ತೈದನೇ ತಾರೀಖಿನವರೆಗೆ ಸಂಸಾರ ನಡೆಯುತ್ತಿತ್ತು. ಉಳಿದ ಐದು ದಿನ ಅದು ತನ್ನಷ್ಟಕ್ಕೆ ತಾನೇ ನಡೆಯುತ್ತಿತ್ತು.

ಒಬ್ಬಳೇ ಮಗಳು. ಗಲ್ಲಿಯ ಕುಂಟು ನಾಯಿ, ಕಿವಿ ಹರಿದ ಬೆಕ್ಕುಗಳಿಗೆಲ್ಲ ಪಟ್ಟಿ ಕಟ್ಟುತ್ತಾ ಬೆಳೆದವಳು. ಆ ವರ್ಷ ಅವಳಿಗೆ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಮೊದಲ ವರ್ಷದ ಶುಲ್ಕ ಒಂದು ಲಕ್ಷ ಎಂಬತ್ತು ಸಾವಿರ. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಬೀಗದಣ್ಣ ಒಂದು ರಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಮೂವರೂ ಊಟ ಬಿಟ್ಟು, ಮನೆ ಬಾಡಿಗೆಯನ್ನೂ ಕೊಡದೆ ಇದ್ದರೆ ಹದಿನಾಲ್ಕು ತಿಂಗಳಲ್ಲಿ ಕಟ್ಟಬಹುದಿತ್ತು.

"ಸಹಾಯಧನ ಅಂತ ಇದೆಯಂತೆ ಅಪ್ಪ," ಎಂದಳು ಮಗಳು. "ಫೀಸು ಕಟ್ಟೋಕಾಗದೇ ಇರೋರಿಗೆ ಕೊಡ್ತಾರಂತೆ."

"ಹಾಗಾದ್ರೆ ನಮ್ಮನ್ನ ನೋಡ್ಕೊಂಡೇ ಮಾಡಿರ್ಬೇಕು ಬಿಡು," ಎಂದ ಅಪ್ಪ. ಅವನಿಗೆ ಆ ದಿನ ನಿಜಕ್ಕೂ ಸಮಾಧಾನವಾಯಿತು.

ಅರ್ಜಿ ಉಚಿತವಾಗಿತ್ತು. ಮೂವತ್ತೆಂಟು ಪುಟ. ಅರ್ಜಿಯನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಕೈಪಿಡಿಗೆ ಮಾತ್ರ ಆರುನೂರು. ಕೈಪಿಡಿ ಕೊಂಡ ರಸೀದಿಯನ್ನು ಅರ್ಜಿಗೆ ಲಗತ್ತಿಸುವುದು ಕಡ್ಡಾಯ. ಪುಸ್ತಕಕ್ಕೆ ಆರುನೂರು ಖರ್ಚು ಮಾಡಬಲ್ಲ ಕುಟುಂಬದ ಆರ್ಥಿಕ ಸ್ಥಿತಿಯನ್ನು ಆ ರಸೀದಿಯಿಂದ ಅಂದಾಜು ಮಾಡಲಾಗುವುದೆಂದು ನಾಲ್ಕನೇ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮಗಳು ಎರಡು ದಿನ ಕೂತು ಹದಿನಾರು ಪ್ರಶ್ನೆಗಳಿಗೆ ಉತ್ತರ ತುಂಬಿದಳು. ಹದಿನೇಳನೆಯದರಲ್ಲಿ ಗಾಡಿ ನಿಂತಿತು. ಅಪ್ಪ ಅಂಗಡಿಗೆ ಬೀಗ ಹಾಕಿ ಕಚೇರಿಗೆ ಹೋದ.

ಮೂರನೇ ಕಿಟಕಿಯಲ್ಲಿ ಒಬ್ಬರು ಮೇಡಂ ಕೂತಿದ್ದರು. ಒಳ್ಳೆಯ ಹೆಂಗಸು, ಯಾರಿಗೂ ಗದರಿದವರಲ್ಲ.

"ಮೇಡಂ, 'ಕುಟುಂಬವು ನಿರೀಕ್ಷಿಸದೇ ಇರುವ ಆದಾಯ ವರ್ಷಕ್ಕೆ ಎಷ್ಟು ಬರಬಹುದೆಂದು ನಿರೀಕ್ಷಿಸುತ್ತೀರಿ?' ಅಂತ ಇದೆ. ಏನು ಬರೀಬೇಕು?"

"ಏನೂ ಬರಲ್ಲ ಅಂತ ಬರೆದ್ರೆ ನೀವು ಮೊದ್ಲೇ ನಿರೀಕ್ಷೆ ಮಾಡಿದ ಹಾಗಾಯ್ತು. ಇಷ್ಟು ಬರುತ್ತೆ ಅಂತ ಬರೆದ್ರೆ ಅದು ಆದಾಯ ಆಯ್ತು."

"ಖಾಲಿ ಬಿಟ್ರೆ?"

"ಅರ್ಜಿ ಅಪೂರ್ಣ."

"ಮತ್ತೇನು ಮಾಡ್ಲಿ ಮೇಡಂ?"

"ಅದನ್ನ ವಿವರಿಸೋಕೇ ಮಾಹಿತಿ ಶಿಬಿರ ಇಟ್ಟಿದ್ದೀವಲ್ಲ. ಅರ್ಜಿ ಹಾಕೋ ಕೊನೇ ದಿನ ಮುಗಿದ ಮಾರನೇ ದಿನ. ಮೊದಲೇ ಇಟ್ರೆ ಏನಾಗುತ್ತೆ ಗೊತ್ತಾ, ಜನ ಅರ್ಥ ಮಾಡ್ಕೊಂಡು ಅರ್ಜಿ ಹಾಕಿಬಿಡ್ತಾರೆ. ಆಮೇಲೆ ತಿರಸ್ಕಾರ ಮಾಡೋಕೆ ನಮಗೆ ಕಾರಣ ಸಿಗಲ್ಲ."

ಕೇಳಿದ್ದಕ್ಕೆ ಉತ್ತರವಲ್ಲದ ಮಾತಾದರೂ, ಅದರಲ್ಲಿ ಕಪಟ ಇರಲಿಲ್ಲ. ಬೀಗದಣ್ಣ 'ದೇವರು ಬಲ್ಲ' ಎಂದು ಬರೆದು ಅರ್ಜಿ ಕೊಟ್ಟ. ಮೇಡಂ ಅದನ್ನು 'ಸಾಕ್ಷಿದಾರರ ಹೆಸರು' ಎಂಬ ಕಲಮಿಗೆ ಸೇರಿಸಿ ಮೊಹರು ಒತ್ತಿದರು.

ನಾಲ್ಕನೇ ದಿನ ಪರಿಶೀಲನಾಧಿಕಾರಿ ಅಂಗಡಿಗೆ ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಅಳತೆ ಟೇಪು, ಕಂಕುಳಲ್ಲಿ ಫೈಲು. ಅಂಗಡಿಯೊಳಗೆ ಇಬ್ಬರಿಗೆ ಜಾಗವಿಲ್ಲದ್ದರಿಂದ ಬೀಗದಣ್ಣ ಹೊರಗೆ ನಿಂತು ಅವರನ್ನು ಒಳಗೆ ಕೂರಿಸಿದ. ಅಧಿಕಾರಿಗಳು ಗೋಡೆ ನೋಡಿದರು. ಮೂರೂ ಗೋಡೆಗಳ ಮೇಲೆ ಮೊಳೆ. ಒಂದೊಂದು ಮೊಳೆಗೂ ಗೊಂಚಲು ಗೊಂಚಲು ಕೀ.

"ಇವೆಲ್ಲ ಯಾರವು?"

"ನಂದೇ ಸಾರ್," ಎಂದ ಬೀಗದಣ್ಣ. ಆ ಎರಡು ಮಾತು ಎಷ್ಟು ದುಬಾರಿ ಎಂಬುದು ಆಗ ಅವನಿಗೆ ತಿಳಿಯಲಿಲ್ಲ.

ಅಧಿಕಾರಿಗಳು ಎರಡು ಸಲ ಎಣಿಸಿದರು. ಎರಡು ಸಲವೂ ನಾನೂರ ಹನ್ನೆರಡು.

"ಯಜಮಾನ್ರೇ, ಕೀ ಇದ್ದ ಮೇಲೆ ಬೀಗ ಇರ್ಬೇಕಲ್ವಾ?"

"ಇರುತ್ತೆ ಸಾರ್."

"ಬೀಗ ಇದ್ದ ಮೇಲೆ ಬಾಗಿಲು?"

"ಇರುತ್ತೆ."

"ಬಾಗಿಲು ಇದ್ದ ಮೇಲೆ ಮನೆ?"

ಬೀಗದಣ್ಣ ಹೊರಗಿನಿಂದಲೇ ಕೈ ಚಾಚಿ ಒಂದು ಗೊಂಚಲು ತೋರಿಸಿದ. "ಸಾರ್, ಇವು ಖಾಲಿ ಕೀ. ಇನ್ನೂ ಹಲ್ಲು ಕೊರೆದಿಲ್ಲ. ಗಿರಾಕಿ ಬಂದ ಮೇಲೆ ಕೊರೆಯೋದು. ಈಗ ಯಾವ ಮನೇಗೂ ಹೋಗಲ್ಲ ಇವು."

ಅಧಿಕಾರಿಗಳು ತಲೆದೂಗಿ ಫೈಲಿನಲ್ಲಿ ಬರೆದರು: 'ಮನೆಗಳು ಖಾಲಿ ಇವೆ. ಇನ್ನೂ ಬಾಡಿಗೆಗೆ ಕೊಟ್ಟಿಲ್ಲ.'

ಐದೇ ದಿನದಲ್ಲಿ ಪತ್ರ ಬಂತು. ಅಷ್ಟು ಬೇಗ ಒಂದು ಕಾಗದ ಆ ಕಚೇರಿಯಿಂದ ಹೊರಬಿದ್ದದ್ದು ಅದೇ ಮೊದಲು. ಮಗಳು ಗಟ್ಟಿಯಾಗಿ ಓದಿದಳು.

'ವಿಷಯ: ತಮ್ಮ ಔದಾರ್ಯದ ಕುರಿತು. ಮಾನ್ಯರೇ, ತಾವು ನಾನೂರ ಹನ್ನೆರಡು ಮನೆಗಳ ಮಾಲೀಕರೆಂದು ಪರಿಶೀಲನೆಯಿಂದ ತಿಳಿದುಬಂದಿರುತ್ತದೆ. ಹಾಗಿದ್ದೂ ತಾವು ತಗಡಿನ ಅಂಗಡಿಯಲ್ಲಿ ಕೂರುತ್ತಿರುವುದು ತಮ್ಮ ಸರಳತೆಗೆ ಸಾಕ್ಷಿಯಾಗಿದೆ. ಮಗಳ ಶುಲ್ಕ ಭರಿಸಿದ ನಂತರವೂ ತಮ್ಮ ಬಳಿ ಅಪಾರ ಹಣ ಉಳಿಯಬೇಕಾಗಿರುವುದರಿಂದ, ನಿಯಮ ಇಪ್ಪತ್ತೊಂಬತ್ತರ ಅನ್ವಯ ತಮ್ಮ ಹೆಸರನ್ನು ಅರ್ಜಿದಾರರ ಪಟ್ಟಿಯಿಂದ ದಾನಿಗಳ ಪಟ್ಟಿಗೆ ವರ್ಗಾಯಿಸಲಾಗಿದೆ. ದಾನದ ಮೊತ್ತ ಎರಡು ಲಕ್ಷವನ್ನು ಇದೇ ತಿಂಗಳ ಇಪ್ಪತ್ತೈದರೊಳಗೆ ಸ್ವಇಚ್ಛೆಯಿಂದ ಪಾವತಿಸತಕ್ಕದ್ದು. ತಪ್ಪಿದಲ್ಲಿ ದಂಡ ವಿಧಿಸಲಾಗುವುದು.'



"ನಾನೂರು ಮನೆ ಇಟ್ಕೊಂಡು, ನನ್ನನ್ನ ಇಷ್ಟು ವರ್ಷ ಈ ಒಂದು ಕೋಣೇಲಿ ಇಟ್ರಲ್ಲ ರೀ," ಎಂದಳು ಹೆಂಡತಿ. ನಗಿಸಲೆಂದೇ ಶುರು ಮಾಡಿದ ಮಾತು. ಅರ್ಧದಲ್ಲೇ ಅವಳು ಪತ್ರವನ್ನು ಮಗಳ ಕೈಯಿಂದ ಕಿತ್ತುಕೊಂಡಳು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ದಾನಿಗಳಂತೆ, ದಾನಿಗಳು!"

ಮಾರನೇ ದಿನ ಅಪ್ಪ ಮಗಳು ಇಬ್ಬರೂ ಮೂರನೇ ಕಿಟಕಿಗೆ ಹೋದರು. ಮೇಡಂ ಸಮಾಧಾನವಾಗಿ ದಾರಿ ಹೇಳಿದರು: ಮೇಲ್ಮನವಿ ಹಾಕಬಹುದು. ಮನೆ ಇಲ್ಲವೆಂಬ ಪ್ರಮಾಣಪತ್ರ ತಂದರೆ ಸಾಕು, ಒಂದು ಮನೆಗೆ ಒಂದರಂತೆ ನಾನೂರ ಹನ್ನೆರಡು. ಪ್ರತಿಯೊಂದರಲ್ಲೂ ಆ ಇಲ್ಲದ ಮನೆಯ ವಿಳಾಸ, ಬಾಗಿಲ ಸಂಖ್ಯೆ, ಇಲ್ಲದಿರಲು ಕಾರಣ, ಅಕ್ಕಪಕ್ಕದವರ ಸಹಿ ಇರಬೇಕು.

"ಇಲ್ಲದ ಮನೇಗೆ ಅಕ್ಕಪಕ್ಕದೋರು ಎಲ್ಲಿಂದ ಬರ್ತಾರೆ ಮೇಡಂ?" ಎಂದಳು ಮಗಳು.

"ಅದೇ ನೋಡಮ್ಮ ಕಷ್ಟ. ಇವತ್ತಿನವರೆಗೆ ಯಾರೂ ಮೇಲ್ಮನವೀಲಿ ಗೆದ್ದಿಲ್ಲ," ಎಂದರು ಮೇಡಂ, ನಿಜವಾದ ಮರುಕದಿಂದ.

ಆಮೇಲೆ ಎರಡು ದಿನ ಬೀಗದಣ್ಣ ಅಂಗಡಿಯಲ್ಲಿ ಸುಮ್ಮನೆ ಕೂತ. ಊರಿನ ಯಾವ ಬೀಗವನ್ನಾದರೂ ಹೇರ್‌ಪಿನ್ನಿನಲ್ಲಿ ತೆಗೆಯಬಲ್ಲ ಕೈ ಅವನದು; ಈ ಬಾಗಿಲಿಗೆ ಬೀಗದ ತೂತೇ ಕಾಣುತ್ತಿರಲಿಲ್ಲ. ಮಗಳು ಮಾತ್ರ ಆರುನೂರು ಕೊಟ್ಟಿದ್ದೇವಲ್ಲ ಎಂಬ ಹಠಕ್ಕೆ ಕೈಪಿಡಿಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಬಹುಶಃ ಅದನ್ನು ಹಾಗೆ ಓದಿದ ಮೊದಲ ವ್ಯಕ್ತಿ ಅವಳೇ. ಇಪ್ಪತ್ಮೂರನೇ ತಾರೀಖು ಬೆಳಿಗ್ಗೆ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಓಡಿಬಂದಳು.

"ಅಪ್ಪ, ನಿಯಮ ನಲವತ್ನಾಲ್ಕು ಕೇಳು. 'ದಾನಿಯು ದಾನ ಮಾಡಲು ಆರ್ಥಿಕವಾಗಿ ಅಶಕ್ತನಾದಲ್ಲಿ, ಕಚೇರಿಯ ಘನತೆಗೆ ಕುಂದು ಬಾರದಂತೆ, ದಾನದ ಪೂರ್ತಿ ಮೊತ್ತವನ್ನು ಆತನಿಗೆ ಸಹಾಯಧನವಾಗಿ ನೀಡತಕ್ಕದ್ದು. ದಾನಿಗಳ ಮಾತನ್ನು ಪರಿಶೀಲಿಸತಕ್ಕದ್ದಲ್ಲ.'"

"ಹಾಗಂದ್ರೆ?"

"ನೀನು ಬಡವ ಅಂದ್ರೆ ಅವರು ನಂಬಲ್ಲ. ಬಡ ದಾನಿ ಅಂದ್ರೆ ನಂಬಲೇಬೇಕು."

ಕಚೇರಿಯಲ್ಲಿ ದಾನಿ ಎಂಬ ಮಾತು ಕಿವಿಗೆ ಬಿದ್ದೊಡನೆ ಮೇಡಂ ಕಿಟಕಿಯಿಂದೆದ್ದು ಹೊರಗೆ ಬಂದು ಕುರ್ಚಿ ಹಾಕಿದರು. "ದಾನಿಗಳು ಕ್ಯೂನಲ್ಲಿ ನಿಲ್ಲಬಾರದು ಸಾರ್. ಮೊದಲೇ ಹೇಳೋದಲ್ವಾ?" ಒಂದೇ ಪುಟದ ಅರ್ಜಿ, ಒಂದೇ ಸಹಿ. ಹತ್ತು ನಿಮಿಷದಲ್ಲಿ ಮಂಜೂರಾಯಿತು.

ದಾನವು ಕೈಯಿಂದ ಕೈಗೆ ಸಲ್ಲತಕ್ಕದ್ದೆಂಬ ನಿಯಮವಿದ್ದುದರಿಂದ ಎರಡು ಲಕ್ಷವನ್ನು, ಅಲ್ಲೇ ದಾನವಾಗಿ ಕಟ್ಟಲೆಂದು, ನೋಟಿನಲ್ಲೇ ಕೊಟ್ಟರು. ಕೊಡುವ ಮೇಜು ಹಜಾರದ ಈ ತುದಿಯಲ್ಲಿ, ದಾನ ಪಡೆಯುವ ಮೇಜು ಆ ತುದಿಯಲ್ಲಿ. ನಡುವೆ ಹನ್ನೊಂದು ಹೆಜ್ಜೆ. ಆರನೇ ಹೆಜ್ಜೆಯ ಎಡಕ್ಕೆ ಬೀದಿಯ ಬಾಗಿಲು, ತೆರೆದೇ ಇತ್ತು. ಬೀಗದಣ್ಣ ಆರನೇ ಹೆಜ್ಜೆಯಲ್ಲಿ ನಿಂತ. ಮಗಳ ಒಂದು ವರ್ಷದ ಶುಲ್ಕ, ಮೇಲೆ ಇಪ್ಪತ್ತು ಸಾವಿರ, ಎರಡೂ ಅಂಗೈ ಮೇಲೆ ಬೆಚ್ಚಗೆ ಕೂತಿತ್ತು. ಬಾಗಿಲ ಬಳಿ ಮಗಳು ನಿಂತಿದ್ದಳು. ಅವನು ಅವಳ ಮುಖ ನೋಡಿದ. ಅವಳು ನೆಲ ನೋಡಿದಳು. ಪರರ ಮನೆಗಳ ಕೀ ಇಷ್ಟು ವರ್ಷ ಕೈಯಲ್ಲಾಡಿಸಿದವನು, ಯಾರ ಮನೆಯ ಚಮಚೆಯನ್ನೂ ಮುಟ್ಟಿದವನಲ್ಲ. ಉಳಿದ ಐದು ಹೆಜ್ಜೆಯನ್ನೂ ನಡೆದು ಹಣವನ್ನು ಮೇಜಿನ ಮೇಲಿಟ್ಟ.

"ನಿಮ್ಮ ಉಪಕಾರ ದೊಡ್ಡದು," ಎಂದರು ಮೇಜಿನವರು.

"ಇರ್ಲಿ ಬಿಡಿ," ಎಂದ ಬೀಗದಣ್ಣ. ದಾನಿಗಳು ಹಾಗೇ ಹೇಳುವುದೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ತಾನಾಗಿ ಬಾಯಿಗೆ ಬಂತು.

ಆ ವರ್ಷ ಅದೇ ಎರಡು ಲಕ್ಷ ಹಜಾರದ ಈ ತುದಿಯಿಂದ ಆ ತುದಿಗೆ ಎಂಬತ್ತಮೂರು ಸಲ ದಾನವಾಯಿತು. ದಾನ ಸಂಗ್ರಹಿಸಿದ್ದಕ್ಕೆ ನಿರ್ದೇಶಕರಿಗೆ ಪ್ರತಿ ಸಲವೂ ಶೇಕಡ ಹತ್ತು ಪ್ರೋತ್ಸಾಹಧನ ಸಲ್ಲುತ್ತಿತ್ತು. ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಅದು ಈ ಕತೆಗೆ ಸಂಬಂಧಿಸಿದ್ದಲ್ಲ.

ಇಪ್ಪತ್ತಾರಕ್ಕೆ ಸಮಾರಂಭ. ವೇದಿಕೆಯ ಮೇಲೆ ಹೊಸ ದಾನಿಗಳು: ಬೀಗದಣ್ಣ, ಶಾಲಾ ಬಸ್ಸನ್ನು ಓಡಿಸುವುದರಿಂದ ಬಸ್ ಮಾಲೀಕನಾಗಿದ್ದ ಡ್ರೈವರು, ತಾನು ಕಾಯುವ ಬ್ಯಾಂಕಿಗೇ ಒಡೆಯನೆಂದು ದಾಖಲಾಗಿದ್ದ ಕಾವಲುಗಾರ. ಕೆಳಗೆ ಮೊದಲ ಸಾಲಿನಲ್ಲಿ ಸಹಾಯಧನ ಪಡೆದ ಇಬ್ಬರು ಬಡವರು. ಒಬ್ಬರು ಮರದ ಡಿಪೋದವರು. ಇನ್ನೊಬ್ಬರು ಸಾಬೂನು ಕಾರ್ಖಾನೆಯವರು. ಕಾರ್ಖಾನೆ ಹೆಂಡತಿಯ ಹೆಸರಿನಲ್ಲಿತ್ತು, ಮನೆ ಅತ್ತೆಯ ಹೆಸರಿನಲ್ಲಿತ್ತು, ಕಾರು ಕಾರ್ಖಾನೆಯ ಹೆಸರಿನಲ್ಲಿತ್ತು. ಅವರ ಹೆಸರಿನಲ್ಲಿ ಇದ್ದದ್ದು ಅವರ ಹೆಸರು ಮಾತ್ರ. ಮೂವತ್ತೆಂಟು ಪುಟವನ್ನೂ ಅವರ ಪರವಾಗಿ ಇಬ್ಬರು ಲೆಕ್ಕಿಗರು ಎರಡು ವಾರ ಕೂತು ತುಂಬಿದ್ದರು.

ಸಾಬೂನಿನವರು ವೇದಿಕೆಗೆ ಬಂದು ಬೀಗದಣ್ಣನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ನಿಮ್ಮಂಥೋರು ಇರೋದ್ರಿಂದ ನಮ್ಮಂಥೋರ ಮಕ್ಕಳು ಓದ್ತಿದ್ದಾರೆ ಸ್ವಾಮಿ."

"ಏನು ಓದ್ತಾನೆ ನಿಮ್ಮ ಮಗ?"

"ಪಶುವೈದ್ಯ. ನಾಯಿ ಕಂಡ್ರೆ ಮರ ಹತ್ತಿಬಿಡ್ತಾನೆ. ಆದ್ರೂ ಸಹಾಯಧನ ಬಂದಿದೆಯಲ್ಲ, ಹಾಳು ಮಾಡೋದು ಯಾಕೆ ಅಂತ."

"ಚೆನ್ನಾಗಿ ಓದ್ಲಿ," ಎಂದ ಬೀಗದಣ್ಣ. ಅವನಿಗೂ ಕಣ್ಣು ತುಂಬಿತು. ಯಾತಕ್ಕೆಂದು ಅಲ್ಲಿ ಯಾರೂ ಕೇಳಲಿಲ್ಲ.

ಶುಲ್ಕ ಕಟ್ಟಲು ಇನ್ನು ನಾಲ್ಕು ದಿನ. ಮಾರನೇ ಬೆಳಿಗ್ಗೆ ಹೆಂಡತಿ ದಾನಿ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗಂಡನ ಕೈಗೆ ಕೊಟ್ಟು, "ಇದನ್ನ ಆ ಸಾಲದ ಕಂಪನಿಯೋನ ಮುಂದೆ ಹಿಡೀರಿ," ಎಂದಳು. ತಿಂಗಳ ಮೊದಲಲ್ಲಿ ಅದೇ ಕಂಪನಿಯ ಮ್ಯಾನೇಜರು ಬೀಗದಣ್ಣನನ್ನು ಬಾಗಿಲಲ್ಲೇ ಸಾಗಹಾಕಿದ್ದ. ಈಗ ಪ್ರಮಾಣಪತ್ರವನ್ನು ಎರಡು ಸಲ ಓದಿ ಎದ್ದುನಿಂತ.

"ನಾನೂರ ಹನ್ನೆರಡು ಮನೆ! ಮೊದಲೇ ಹೇಳ್ಬಾರದಿತ್ತಾ ಸಾರ್? ನಮ್ಮಲ್ಲಿ ಬಡವರಿಗೆ ಬಡ್ಡಿ ಶೇಕಡ ಎಂಟು, ಸ್ಥಿತಿವಂತರಿಗೆ ಹದಿನೈದು."

"ಎಂಟರದ್ದು ಸಿಗಲ್ವಾ?"

"ಬಡವರಿಗೆ ನಾವು ಸಾಲ ಕೊಡಲ್ಲ ಸಾರ್."

ಕೊನೆಯ ದಿನ ಮಧ್ಯಾಹ್ನ ಶುಲ್ಕ ಕಟ್ಟಿಯಾಯಿತು. ಮಗಳು ಕಾಲೇಜು ಸೇರಿದಳು. ಚೆನ್ನಾಗಿಯೇ ಓದುತ್ತಿದ್ದಾಳೆ; ಸಾಬೂನಿನವರ ಮಗನ ಪ್ರಾಯೋಗಿಕ ತರಗತಿಗಳನ್ನೂ ಅವಳೇ ಮಾಡಿಕೊಡುತ್ತಾಳೆ, ಅವನು ಕಿಟಕಿಯ ಆಚೆ ನಿಂತು ನೋಡಿಕೊಳ್ಳುತ್ತಾನೆ. ಸಾಲ ಮುಂದುವರಿಯಬೇಕಾದರೆ ಪ್ರಮಾಣಪತ್ರ ವರ್ಷ ವರ್ಷ ನವೀಕರಣವಾಗಬೇಕು. ಅದಕ್ಕಾಗಿ ಬೀಗದಣ್ಣ ವರ್ಷಕ್ಕೊಮ್ಮೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿ ದಾನ ಮಾಡಿ ಬರುತ್ತಾನೆ. ಈಗೀಗ ಎಲ್ಲೂ ನಿಲ್ಲದೆ ನಡೆಯುತ್ತಾನೆ. ಗಲ್ಲಿಯವರು ಅವನನ್ನು ಮಾತಾಡಿಸುವ ಧಾಟಿಯೇ ಬದಲಾಗಿದೆ; ಮನೆ ಖಾಲಿ ಇದೆಯಾ ಎಂದು ಕೇಳಿಕೊಂಡು ಬರುವವರೂ ಇದ್ದಾರೆ.

ಈಚೆಗೆ ಒಂದು ಭಾನುವಾರ ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಆಯಾ ಒಬ್ಬಳು ಮನೆಗೆ ಬಂದಳು. ಅವಳ ಎರಡನೇ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಸೆರಗಿನಲ್ಲಿ ಸುತ್ತಿಕೊಂಡಿದ್ದ ಮೂವತ್ತೆಂಟು ಪುಟದ ಅರ್ಜಿಯನ್ನು ಅವನ ಮುಂದಿಟ್ಟಳು.

"ಅಣ್ಣಾ, ನೀವು ಕಂಡೋರು. ಇದನ್ನ ಹೇಗೆ ತುಂಬೋದು ಸ್ವಲ್ಪ ಹೇಳಿಕೊಡಿ."

ಬೀಗದಣ್ಣ ಕನ್ನಡಕ ಹಾಕಿಕೊಂಡು ನಾಲ್ಕು ಪುಟ ತಿರುವಿದ. ಆಮೇಲೆ ಅರ್ಜಿಯನ್ನು ಮೆತ್ತಗೆ ಅವಳ ಕಡೆಗೇ ತಳ್ಳಿದ. ತಂಗಿಗೆ ಬುದ್ಧಿ ಹೇಳುವ ಅಣ್ಣನ ಕಾಳಜಿ ಅವನ ದನಿಯಲ್ಲಿತ್ತು.

"ಇದೆಲ್ಲ ನಿನ್ನ ಕೈಲಿ ಆಗೋದಲ್ಲಮ್ಮ. ಸಹಾಯ ಕೇಳೋಕೆ ನಿನ್ನ ಹತ್ರ ಅಷ್ಟು ಆಸ್ತಿ ಎಲ್ಲಿದೆ? ಸುಮ್ಮನೆ ದಾನ ಮಾಡಿಬಿಡು."

ಆಯಾ ಸ್ವಲ್ಪ ಯೋಚಿಸಿದಳು. ಹೌದಲ್ಲ, ಇಷ್ಟು ಸುಲಭದ ವಿಷಯ ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡು, ಅರ್ಜಿಯನ್ನು ಮಡಿಸಿ, ದಾನಕ್ಕೆ ಹೋಗುವಾಗ ಯಾವ ಸೀರೆ ಉಡುವುದೆಂದು ಬೀಗದಣ್ಣನ ಹೆಂಡತಿಯನ್ನು ಕೇಳತೊಡಗಿದಳು.