ಅಲೆ ಹೀರುವ ಬಟ್ಟೆ, ಹಸಿರು ಕೈ

ಕೈ ನೋಡಿ ಕಸುಬು ಹೇಳಬಹುದು ಎನ್ನುತ್ತಾರೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಕೈ ನೋಡಿದವರು ಮಾತ್ರ ಕಸುಬು ಕೇಳಲಿಲ್ಲ, ಕಾಯಿಲೆ ಕೇಳಿದರು. ಆಗ ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಧ್ಯಾಪಕ. ಪ್ಲಾಸ್ಟಿಕ್ಕಿನ ಬಳಗದವೇ ಆದರೂ ವಿದ್ಯುತ್ ಹರಿಯಬಿಡುವ ಹೊಸ ಪಾಲಿಮರುಗಳ ಹುಚ್ಚು ಹತ್ತಿತ್ತು. ಅವನ್ನು ಬಟ್ಟೆಗೆ ಲೇಪಿಸಿದರೆ ರಡಾರಿನಲ್ಲಿ ಬಳಸುವಂಥ ಮೈಕ್ರೋವೇವ್ ಅಲೆಗಳನ್ನು ಬಟ್ಟೆ ಹೀರಿಕೊಳ್ಳುತ್ತದಂತೆ. ಇಳಕಲ್ಲಿನಿಂದ ಬಿಳಿ ಹತ್ತಿಬಟ್ಟೆ ತರಿಸಿ ರಾಸಾಯನಿಕದಲ್ಲಿ ಅದ್ದಿದೆ. ಬಟ್ಟೆ ಕಡುಹಸಿರಾಯಿತು. ಕೈಗವಸು ತೂತಾಗಿದ್ದರಿಂದ ಕೈಯೂ ಆಯಿತು. ಆದರೆ ಬಟ್ಟೆಯನ್ನು ಅಲೆಗಳ ದಾರಿಗೆ ಅಡ್ಡ ಹಿಡಿದಾಗ ಮೀಟರಿನ ಮುಳ್ಳು ಮೆಲ್ಲಗೆ ಇಳಿದು ಕೂತಿತು. ಹಿಂದಕ್ಕೆ ಮರಳಿದ ಅಲೆಯೂ ಅಷ್ಟಕ್ಕಷ್ಟೇ. ಪ್ರಯೋಗಾಲಯದಲ್ಲಿ ಒಬ್ಬನೇ ಕುಣಿದೆ.

ಮರುದಿನ ಹುನಗುಂದದಲ್ಲಿ ನಾದಿನಿ ಸುಮಾಳ ನಿಶ್ಚಯ. ಹೆಂಡತಿ ಗಿರಿಜಾ ನನ್ನ ಕೈಗೆ ಲಿಂಬೆ, ಹುಣಸೆ, ಸೀಮೆಎಣ್ಣೆ ಎಲ್ಲ ತಿಕ್ಕಿದಳು. ಬಣ್ಣ ಇನ್ನಷ್ಟು ಹೊಳೆಯಿತು.

"ಈ ಕೈ ನೋಡಿ ಬೀಗರು ಎದ್ದ ಹೋದ್ರ ಏನ್ ಮಾಡ್ತೀರಿ?"

"ಕಿಸೆದಾಗ ಇಟ್ಕೋತೇನಿ."

ಇಟ್ಟುಕೊಂಡೆ. ಆದರೆ ಬಾದಾಮಿಯಿಂದ ಬಂದ ವರನ ದೊಡ್ಡಪ್ಪ ಎದುರು ನಿಂತು ಕೈಮುಗಿದಾಗ ಹೊರಗೆ ತೆಗೆಯಲೇಬೇಕಾಯಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ರಿ ಇದು? ದವಾಖಾನಿಗೆ ತೋರ್ಸೀರಿಲ್ಲೋ?"

ಅತ್ತೆಯ ಮುಖ ಬಿಳಿಚಿತು. ನಾನು ಗಡಿಬಿಡಿಯಲ್ಲಿ ಪಾಠವನ್ನೇ ಶುರುಮಾಡಿದೆ: ಬಟ್ಟೆ ಅಲೆಯನ್ನು ಒಳಗೆಳೆದುಕೊಳ್ಳುತ್ತದೆ, ಶಾಖವಾಗಿ ಮಾಡಿಕೊಳ್ಳುತ್ತದೆ, ಮರಳಿಸುವುದು ಬಹಳ ಕಡಿಮೆ. ದೊಡ್ಡಪ್ಪ ಗಮನವಿಟ್ಟು ಕೇಳಿ, ತಲೆ ತಗ್ಗಿಸಿ ಕೂತಿದ್ದ ವರನತ್ತ ನೋಡಿದರು.

"ನಮ್ಮ ಹುಡುಗನೂ ಥೇಟ್ ಹಂಗ ನೋಡ್ರಿ. ಏನ್ ಹೇಳಿದ್ರೂ ಒಳಗ ಹೀರ್ಕೋತಾನ, ಹೊಳ್ಳಿ ಒಂದ್ ಮಾತ್ ಬರೂದಿಲ್ಲ. ನಿಮಗ ಹೆಂಗ ಹೇಳೂದಂತ ದಾರಿ ತುಂಬ ಚಿಂತಿ ಮಾಡ್ಕೋತ ಬಂದೇನಿ."

ಒಳಕೋಣೆಯಿಂದ ಸುಮಾಳ ದನಿ ಬಂತು: "ಒಳಗ ಬಿಸಿ ಆಗ್ತಾರೇನು, ಅದನ್ನೂ ಕೇಳಕ್ಕಾ."

ವರ ಮೊದಲ ಬಾರಿಗೆ ತಲೆ ಎತ್ತಿದ. "ಇಲ್ರಿ," ಎಂದ.

ನಗುವಿನಲ್ಲಿಯೇ ನಿಶ್ಚಯ ಮುಗಿಯಿತು. ಊಟಕ್ಕೆ ಎಲೆ ಹಾಕುವಾಗ ಅತ್ತೆ ಬಂದು ಮೆಲ್ಲಗೆ, "ಆದ್ರೂ ಆ ಕೈಲೆ ಹೋಳಿಗಿ ಬಡಸಬ್ಯಾಡ್ರಿ. ಆರಾಮ ಕುಂದರ್ರಿ," ಎಂದರು. ಆ ಮನೆಯಲ್ಲಿ ಹಿರಿಯ ಅಳಿಯನೆಂದರೆ ಬೆವರು ಸುರಿಸಿ ಕೊನೆಯ ಪಂಕ್ತಿಯವರೆಗೂ ಬಡಿಸುವವನು. ಅಂದು ಮೊದಲ ಪಂಕ್ತಿಯಲ್ಲೇ ಕೂತು, ಕೇಳಿ ಕೇಳಿ ಹಾಕಿಸಿಕೊಂಡು ಉಂಡೆ.

ಮದುವೆಯ ಹೊತ್ತಿಗೆ ಕೈ ಪೂರ್ತಿ ಬೆಳ್ಳಗಾಗಿತ್ತು. ಹಿಂದಿನ ದಿನ ಕಾಲೇಜಿಗೆ ಹೋಗಿ ಇನ್ನೊಂದು ತುಂಡು ಬಟ್ಟೆ ಅದ್ದಿ ಬಂದೆ, ಕೈಗವಸಿಲ್ಲದೆ. ಸಂಶೋಧನೆ ನಿಲ್ಲಬಾರದಲ್ಲ.