ನೂರಿಪ್ಪತ್ತು ಚೌಕದ ನವಿಲು

ಮೂರು ತಿಂಗಳ ಡಿಟಿಪಿ ಕೋರ್ಸು ಮುಗಿಸಿ ದೊಡ್ಡಬಳ್ಳಾಪುರದಲ್ಲಿ ಅಂಗಡಿ ತೆರೆದ ಮೇಲೆ, ಕಂಪ್ಯೂಟರ್ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಉಳಿದಿಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಆಗಲೇ ನಾದಿನಿ ಸುಧಾಳ ಮದುವೆ ನಿಶ್ಚಯವಾಯಿತು. ಧಾರೆ ಸೀರೆಯನ್ನು ಮಾವ ತಮ್ಮ ಮಗ್ಗದಲ್ಲೇ ನೇಯುವವರಿದ್ದರು. ಅಂಚಿಗೆ ನವಿಲೇ ಬೇಕೆಂದು ಸುಧಾ ಹಟ ಹಿಡಿದಿದ್ದಳು.

“ಗ್ರಾಫ್ ಹಾಳೇಲಿ ಚೌಕ ತುಂಬ್ತಾ ಕೂರ್ಬೇಡಿ ಮಾವ. ನನ್ನ ಸೀಡೀಲಿ ನವಿಲಿದೆ. ಬರೀ ಗೆರೇಲಿ ಬರೆದಿರೋದು, ಎಷ್ಟು ಹಿಗ್ಗಿಸಿದ್ರೂ ಒಡೆಯಲ್ಲ!” ಎಂದೆ.

ಗೆರೆಯ ನವಿಲನ್ನು ಚುಕ್ಕಿಗಳ ಚಿತ್ರವಾಗಿಸಲು ಹೊರಟಾಗ ಕಂಪ್ಯೂಟರ್ ಕೇಳಿತು: ಅಗಲಕ್ಕೆ ಎಷ್ಟು ಚುಕ್ಕಿ? ಮನೆಯ ಮದುವೆ, ಜಿಪುಣತನ ಸಲ್ಲದು. ಸಾವಿರದಿನ್ನೂರು ಕೊಟ್ಟೆ!

ಚುಕ್ಕಿಗೊಂದು ಚೌಕದಂತೆ ಮುದ್ರಿಸಿ, ಹಾಳೆಗಳನ್ನು ಅಂಟಿಸಿ ಮಗ್ಗದ ಮನೆಯಲ್ಲಿ ಹಾಸಿದೆ. ಕೊಕ್ಕು ಮಗ್ಗದ ಹತ್ತಿರವಿತ್ತು. ಬಾಲ ಬೀದಿಯಲ್ಲಿತ್ತು.

ಮಾವ ಕನ್ನಡಕ ಏರಿಸಿಕೊಂಡರು. “ಅಳಿಯಂದ್ರೇ, ಅಂಚಿನ ಎಳೆ ಎತ್ತೋಕೆ ಮಗ್ಗದ ಮೇಲಿರೋ ನಮ್ಮ ಜಕಾರ್ಡ್ ಯಂತ್ರದಲ್ಲಿರೋದು ನೂರಿಪ್ಪತ್ತು ಹುಕ್ಕು. ಒಂದು ಚೌಕಕ್ಕೆ ಒಂದು ಹುಕ್ಕು. ಇದನ್ನ ನೇಯೋಕೆ ಹತ್ತು ಮಗ್ಗ ಜೋಡಿಸ್ಬೇಕು.”

ಹೆದರಿ, ಚಿಕ್ಕದಾದಷ್ಟೂ ಕ್ಷೇಮವೆಂದು ಮೂವತ್ತಕ್ಕೆ ಇಳಿಸಿದೆ. ಆಮೇಲೆ ಅದನ್ನೇ ನೂರಿಪ್ಪತ್ತಕ್ಕೆ ಹಿಗ್ಗಿಸಿದೆ. ಹಿಗ್ಗಿಸಿದರೆ ಒಡೆಯದ ನವಿಲಲ್ಲವೇ! ಅದೆಲ್ಲ ಗೆರೆಯಾಗಿದ್ದಾಗ ಮಾತ್ರ, ಚುಕ್ಕಿಯಾದ ಮೇಲೆ ಹಿಗ್ಗಿಸಿದರೆ ಬರೀ ದಪ್ಪ ದಪ್ಪ ಚೌಕ ಎಂಬುದನ್ನು ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರಂತೆ. ಆ ದಿನ ನಾನು ಮಸಾಲೆದೋಸೆ ತಿನ್ನಲು ಹೋಗಿದ್ದೆ.

“ಒಂದ್ಸಲ ನೋಡ್ಲಾ?” ಎಂದರು ಮಾವ.

“ಕಂಪ್ಯೂಟರ್ ತಪ್ಪು ಮಾಡಲ್ಲ ಮಾವ!” ಎಂದು, ಚಿತ್ರಕ್ಕೆ ತಕ್ಕಂತೆ ಜಕಾರ್ಡಿನ ರಟ್ಟುಗಳಿಗೆ ತೂತು ಹೊಡೆಯುವವರ ಕೈಗೆ ನೇರವಾಗಿ ಕೊಟ್ಟುಬಂದೆ.

ಮಾದರಿಗೆಂದು ಒಂದು ಗಜ ನೇಯ್ದಾಯಿತು. ಸುಧಾ ನೋಡಿದಳು. ಅವಳ ಕಣ್ಣು ತುಂಬಿತು.

“ಭಾವ, ಇದು ಕೋಳಿ!”

“ಸುಮ್ನಿರೇ,” ಎಂದು ನನ್ನ ಹೆಂಡತಿ ತಂಗಿಯನ್ನು ಸಮಾಧಾನಪಡಿಸಿದಳು. “ಕೋಳಿ ಬಾಲನೂ ಇಷ್ಟು ಮೋಟಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ರೀ, ಧಾರೆಗೆ ಇನ್ನು ಹನ್ನೆರಡೇ ದಿನ ಇರೋದು!” ಎಂದಳು.

ಮಾವ ಪೆನ್ಸಿಲ್ ಚೂಪು ಮಾಡಿಕೊಂಡು ಗ್ರಾಫ್ ಹಾಳೆಯ ಮುಂದೆ ಕೂತರು. ಸಂಜೆಯ ಕಾಫಿ ಹೊತ್ತಿಗೆ ನೂರಿಪ್ಪತ್ತು ಚೌಕದೊಳಗೆ ನವಿಲು ಗರಿಗೆದರಿ ನಿಂತಿತ್ತು. ಒಂದು ಚೌಕ ಹೆಚ್ಚಿರಲಿಲ್ಲ. ನನಗೆ ನಿಜವಾಗಿ ನಾಚಿಕೆಯಾಯಿತು.

ಸುಧಾ ನವಿಲಂಚಿನ ಸೀರೆಯಲ್ಲೇ ಧಾರೆಗೆ ಕೂತಳು. ಮಾವ ಆ ಕೋಳಿಯ ತುಂಡನ್ನೂ ವ್ಯರ್ಥ ಮಾಡಲಿಲ್ಲ. ನನ್ನ ಕಂಪ್ಯೂಟರಿಗೆ ಅದರಲ್ಲೇ ಮುಸುಕು ಹೊಲಿಸಿಕೊಟ್ಟರು. ಈಗ ಅಂಗಡಿಗೆ ಡಿಟಿಪಿ ಕೇಳಿಕೊಂಡು ಬರುವವರಿಗಿಂತ, “ಗುರು, ನಾಟಿ ಕೋಳಿ ಇದ್ಯಾ?” ಎಂದು ಇಣುಕುವವರೇ ಹೆಚ್ಚು!