ಹೆಂಡತಿಯ ಕಿವಿಯೊಳಗಿನ ನಾದಿನಿ

ನಡುವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ನನ್ನ ಸ್ನೇಹಿತರು ಒಬ್ಬರ ಸೈಟು, ಇನ್ನೊಬ್ಬರ ತಲೆಗೂದಲು ಕಂಡು ಕರುಬುತ್ತಾರೆ. ನಾನು ಕರುಬುವುದು ಹುಣಸೆಬೀಜದಷ್ಟಿರುವ ಎರಡು ವಸ್ತುಗಳನ್ನು ಕಂಡು. ಅವು ನನ್ನ ಹೆಂಡತಿ ಸುಮಳ ಕಿವಿಯಲ್ಲಿರುವ ವೈರಿಲ್ಲದ ಇಯರ್‌ಫೋನುಗಳು.

ನಮ್ಮ ಮನೆಯಲ್ಲಿ ಸ್ಕೂಟರ್ ಓಡಿಸುವವಳು ಸುಮ. ಹಿಂದೆ ಕೂತು ಹೆದರುವ ಖಾತೆ ನನ್ನದು. ಮದುವೆಯಾದಾಗಿನಿಂದ "ಬಲಗಡೆ ಆಟೋ", "ಮುಂದೆ ಹಂಪು" ಎಂದು ವರದಿ ಒಪ್ಪಿಸುತ್ತ, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತ ಬಂದಿದ್ದೇನೆ. "ಕಾಣ್ತಿದೇರೀ, ನಂಗೂ ಕಣ್ಣಿದೆ" ಎಂದು ಅವಳು ಗದರುತ್ತಿದ್ದಳು. ಅದೂ ಒಂದು ಬಗೆಯ ದಾಂಪತ್ಯವೇ. ಈ ಬೀಜಗಳು ಬಂದ ಮೇಲೆ ಗದರಿಕೆಯೂ ನಿಂತಿತು. ಹೆಲ್ಮೆಟ್ಟಿನೊಳಗೆ ಮಲ್ಲೇಶ್ವರದಿಂದ ಅವಳ ತಂಗಿ ವೀಣಾ ಬಂದು ಕೂತಿರುತ್ತಾಳೆ. ಸುಮಳ ಬೆನ್ನು ಕುಲುಕುಲು ನಗುವುದನ್ನು ನಾನು ಹಿಂದಿನಿಂದ ನೋಡಬೇಕು.

"ಗಾಡಿ ಓಡಿಸ್ವಾಗ ಡೇಂಜರು ಕಣೇ, ಹಾರ್ನ್ ಕೇಳಿಸಲ್ಲ" ಎಂದರೆ, "ಸೇಫ್ಟಿ ಚಿಂತೆನೋ, ವೀಣಾ ಮೇಲಿನ ಉರಿಯೋ?" ಎಂದಳು. ಎರಡೂ ನಿಜವೇ ಆಗಿತ್ತು.

ಕಳೆದ ಶನಿವಾರ ಹೂವಿಗೆಂದು ಗಾಂಧಿ ಬಜಾರಿಗೆ ಹೊರಟಿದ್ದೆವು. ಹಿಂದೆ ಬಸ್ಸೊಂದು ಹಾರ್ನ್ ಬಾರಿಸುತ್ತ ಬಂತು. "ಎಡಕ್ಕೆ ತಗೋ!" ಎಂದು ಕೂಗಿದೆ. ಬೆನ್ನು ಇನ್ನೂ ಜಾಸ್ತಿ ನಕ್ಕಿತು. ಭುಜ ತಟ್ಟಿದರೆ ಗಾಡಿ ಅಲುಗಾಡೀತೆಂಬ ಭಯ. ಆಗ ಹೊಳೆಯಿತು: ವೀಣಾ ಹೋದ ದಾರಿಯಲ್ಲೇ ನಾನೂ ಹೋಗಬಾರದೇಕೆ? ಮೊಬೈಲ್ ತೆಗೆದು, ಹಿಂದಿನ ಸೀಟಿನಿಂದಲೇ ಹೆಂಡತಿಗೆ ಫೋನ್ ಮಾಡಿದೆ.

"ಇರೇ ವೀಣಾ, ಇನ್ಯಾರೋ ಮಾಡ್ತಿದಾರೆ" ಎನ್ನುತ್ತ ಸುಮ ಒಂದು ಕೈಯನ್ನು ಹ್ಯಾಂಡಲಿನಿಂದ ಕಿವಿಗೆ ಒಯ್ದಳು. ಗಾಡಿ ವಾಲಿತು. ಬಸ್ಸು ನಮ್ಮ ಕನ್ನಡಿಯನ್ನು ಸವರಿಕೊಂಡು ಹೋಯಿತು. ನಾವು ರಸ್ತೆ ಬದಿಯ ಸೇವಂತಿಗೆ ರಾಶಿಯೊಳಕ್ಕೆ ಚಕ್ರ ತೂರಿಸಿ ನಿಂತೆವು.

ಹೂವಿನಾಕೆ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಏನಮ್ಮಾ, ಗಾಡಿ ಓಡಿಸ್ತಾ ಯಾರ ಜೊತೆ ಅಂಥಾ ಮಾತು?"

ಸುಮ ಮೊಬೈಲ್ ತೆಗೆದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಇವರ ಜೊತೆ" ಎಂದಳು.

ಗಾಡಿಯನ್ನು ಹೂವಿನ ರಾಶಿಯಿಂದ ಹೊರಗೆಳೆದ ಮೇಲೆ ಅವಳು ಬೀಜಗಳನ್ನು ಬಿಚ್ಚಿ ಬ್ಯಾಗಿಗೆ ಹಾಕಿದಳು. ಗಾಡಿಯ ಮೇಲೆ ಇನ್ನು ಅವು ಬೇಡವೆಂದು ತಾನೇ ಹೇಳಿದಳು. ನಾನು ಗೆದ್ದೆ; ಎರಡು ಕಿವಿಗಳೂ ನನ್ನವಾದವು. ಆದರೆ ಮೊನ್ನೆ ಸಿಗ್ನಲಿನಲ್ಲಿ ಅವಳು, "ನಗೋ ಹಂಗೆ ಏನಾದ್ರೂ ಹೇಳ್ರೀ" ಎಂದಾಗ, ದೀಪ ಹಸಿರಾಗುವವರೆಗೂ ಯೋಚಿಸಿದರೂ ಒಂದು ಮಾತೂ ಹೊಳೆಯಲಿಲ್ಲ.

ಮನೆ ಸೇರಿ, ಗುಟ್ಟಾಗಿ ವೀಣಾಗೇ ಫೋನ್ ಮಾಡಿದೆ. "ಅವಳು ಅಷ್ಟು ನಗೋಕೆ ನೀನು ಏನಮ್ಮಾ ಹೇಳ್ತಿದ್ದೆ?"

"ನಾನೆಲ್ಲಿ ಹೇಳ್ತಿದ್ದೆ ಭಾವ? ಹಿಂದೆ ಕೂತು ನೀವು ಕೂಗೋದೆಲ್ಲ ನಂಗೆ ಇಲ್ಲಿಗೇ ಕೇಳಿಸ್ತಿತ್ತು. ಅಕ್ಕ ನಾನು ಇಬ್ರೂ ಅದಕ್ಕೇ ನಗ್ತಿದ್ವಿ."

ನನ್ನ ಹೆಂಡತಿಯನ್ನು ಅಷ್ಟೊಂದು ನಗಿಸುತ್ತಿದ್ದ ಆ ಮನುಷ್ಯನ ಮೇಲೆ ನನಗೀಗ ನಿಜವಾಗಿಯೂ ಹೊಟ್ಟೆಕಿಚ್ಚು.